ಒರಳು ಅಣ್ಣನಿಗೆ, ಗುಂಡು ತಮ್ಮನಿಗೆ

"ಗುರುಗಳೇ, ಪಾಲು ಸಮವಾಗಿದ್ದರೂ ಜನ ಗೊಣಗುವುದೇಕೆ?" ಎಂದು ಶಿಷ್ಯ ಕೇಳಿದ.

ಮಠದ ಕೆಲಸಗಳನ್ನು ಹಂಚುವ ಹೊಣೆ ಆ ತಿಂಗಳು ಅವನದಾಗಿತ್ತು. ಇಪ್ಪತ್ತನಾಲ್ಕು ಕೆಲಸ, ಹನ್ನೆರಡು ಜನ, ತಲೆಗೆ ಎರಡು. ಆದರೂ ಅಡುಗೆಮನೆಯವರು ಅವನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಅವನು ಪಟ್ಟಿಯನ್ನು ಮುಂದೆ ಚಾಚಿದ. ಗುರುಗಳು ಅದನ್ನು ನೋಡಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಅಣ್ಣತಮ್ಮಂದಿರಿಬ್ಬರು ಬೇರೆಯಾದರು. ಪಾಲು ಮಾಡಲು ಊರಿನ ಐವರು ಹಿರಿಯರು ಬಂದು ಜಗಲಿಯ ಮೇಲೆ ಕುಳಿತರು. ಹೊಲವನ್ನು ಹಗ್ಗ ಹಿಡಿದು ಅಳೆದರು. ರಾಗಿಯನ್ನು ಕೊಳಗದಲ್ಲಿ ಅಳೆದರು. ಜೋಡಿಯಾಗಿದ್ದುದನ್ನೆಲ್ಲ ಬಿಡಿಸಿ ಒಂದೊಂದು ಕೊಟ್ಟರು. ನೇಗಿಲು ಅಣ್ಣನಿಗೆ, ನೊಗ ತಮ್ಮನಿಗೆ. ಒರಳು ಅಣ್ಣನಿಗೆ, ಅದರೊಳಗೆ ತಿರುಗುವ ಗುಂಡು ತಮ್ಮನಿಗೆ. ಅದೂ ಒಂದು ಕಲ್ಲು, ಇದೂ ಒಂದು ಕಲ್ಲು. ಆಮೇಲೆ ಹಿರಿಯರು ಊಟ ಮಾಡಿ, ಚಟ್ನಿ ಚೆನ್ನಾಗಿತ್ತು ಎಂದು ಹೊಗಳಿ, ಇಂಥ ನ್ಯಾಯ ಸುತ್ತಮುತ್ತ ಎಲ್ಲೂ ನಡೆದಿಲ್ಲ ಎಂದುಕೊಳ್ಳುತ್ತ ಮನೆಗೆ ಹೋದರು.

ನಡುವೆ ಗೋಡೆ ಎದ್ದಿತು. ಎರಡು ಮನೆಯ ಗಂಡಸರಿಗೂ ಅಂದಿನಿಂದ ಮಾತಿಲ್ಲ.

ನೊಗವಿಲ್ಲದೆ ಉಳಲಾಗದು. ಮರುದಿನವೇ ಅಣ್ಣ ಬಡಗಿಯ ಹತ್ತಿರ ಹೊಸ ನೊಗ ಮಾಡಿಸಿದ, ತಮ್ಮ ಹೊಸ ನೇಗಿಲು ಮಾಡಿಸಿದ. ಗುಂಡಿಲ್ಲದೆ ರುಬ್ಬಲಾಗದು ಎಂಬುದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ. ಹೊಳೆಯಲು ಕಾರಣವೂ ಇರಲಿಲ್ಲ. ಹೊತ್ತುಹೊತ್ತಿಗೆ ಮುದ್ದೆಯ ಜೊತೆ ಸಾರು ಬರುತ್ತಲೇ ಇತ್ತು.

ಕಾಲ ಕಳೆಯಿತು. ಅಣ್ಣನ ಮೊಮ್ಮಗ ಬೆಳೆದು ಮದುವೆಯಾದ. ಸೊಸೆಯಾಗಿ ಬಂದವಳು ದ್ಯಾವಮ್ಮ. ಬಂದ ಮೊದಲ ಬೆಳಗ್ಗೆ ಅತ್ತೆ, "ಖಾರ ರುಬ್ಬು" ಎಂದಳು. ದ್ಯಾವಮ್ಮ ಒರಳಿನ ಮುಂದೆ ಕುಳಿತು ಸುತ್ತ ಹುಡುಕಿದಳು.

"ಅತ್ತೆ, ಗುಂಡು ಕಾಣುತ್ತಿಲ್ಲ."

"ಬರುತ್ತೆ, ತಾಳು. ಗಂಡಸರು ಇನ್ನೂ ಹೊಲಕ್ಕೆ ಹೋಗಿಲ್ಲ."

ಗಂಡಸರು ಹೋದರು. ಹಿತ್ತಿಲ ಗೋಡೆ ಒಂದು ಕಡೆ ಮೊಣಕಾಲೆತ್ತರಕ್ಕೆ ಕುಸಿದಿತ್ತು. ಆಚೆ ಮನೆಯ ಸೊಸೆ ಗುಂಡುಕಲ್ಲನ್ನು ಕೂಸಿನಂತೆ ಕಂಕುಳಲ್ಲಿಟ್ಟುಕೊಂಡು ಅಲ್ಲಿಂದ ದಾಟಿ ಬಂದಳು. ಮೊದಲು ಈ ಮನೆಯ ಖಾರ, ಆಮೇಲೆ ಆ ಮನೆಯ ಖಾರ. ಅಜ್ಜಿಯರ ಕಾಲದಿಂದಲೂ ಹಾಗೆಯೇ.

ತಾನು ಸೇರಿದ ಮನೆತನದ ಚರಿತ್ರೆಯನ್ನು ದ್ಯಾವಮ್ಮ ಕಲಿತದ್ದು ಆ ಒರಳಿನ ಮುಂದೆಯೇ. ಯಾವ ಅಜ್ಜಿ ಯಾವ ಊರಿನವಳು, ಕೊಟ್ಟಿಗೆಯ ಎಮ್ಮೆ ಯಾರ ತವರಿನದು, ಪಾಲಿನ ದಿನ ಆ ಐವರು ಹೊಗಳಿದ ಚಟ್ನಿ ರುಬ್ಬಿದವರು ಯಾರು, ಎಲ್ಲವೂ ಅಲ್ಲಿ ತಿಳಿಯಿತು. ಅವಳು ಮೂರು ಹೆತ್ತಳು. ಮೂರು ಸಲವೂ ಕೂಸನ್ನು ಮೊದಲು ಎತ್ತಿಕೊಂಡವಳು ಗೋಡೆಯಾಚೆಯ ಓರಗಿತ್ತಿ. ಗಂಡ ಹೊರಗೆ ಕುಳಿತು, "ನಮ್ಮಮ್ಮನ ಕೈಗುಣ!" ಎಂದು ಮೂರು ಸಲವೂ ಮೀಸೆ ತಿರುವಿದ.

"ಮೂರು ತಲೆಮಾರಾಯಿತು. ಆ ಮನೆಯ ಒಂದು ಹುಲ್ಲುಕಡ್ಡಿ ನಮ್ಮ ಮನೆಗೆ ಬಂದಿಲ್ಲ" ಎಂದು ಊಟಕ್ಕೆ ಕುಳಿತಾಗಲೆಲ್ಲ ಅವನು ಹೇಳುತ್ತಿದ್ದ. ದ್ಯಾವಮ್ಮ ಇನ್ನೊಂದು ಸೌಟು ಸಾರು ಬಡಿಸುತ್ತಿದ್ದಳು.

ಒಂದು ಸುಗ್ಗಿಯಲ್ಲಿ ಆಚೆ ಮನೆಯ ಕೋಳಿ ಬಂದು, ಅಂಗಳದಲ್ಲಿ ಒಣಗಿಸಿದ್ದ ರಾಗಿಗೆ ಬಾಯಿ ಹಾಕಿತು. ಗಂಡ ಕೆಂಡವಾದ. ಹಿತ್ತಿಲ ಗೋಡೆಯನ್ನು ಆಳೆತ್ತರಕ್ಕೆ ಏರಿಸುತ್ತೇನೆ ಎಂದ. ದ್ಯಾವಮ್ಮ ಗೋಡೆ ಕುಸಿದ ಕಡೆ ನೋಡಿದಳು. ಗೋಡೆ ಎದ್ದರೆ ಗುಂಡು ಬರುವುದಿಲ್ಲ. ಗುಂಡಿನ ಜೊತೆ ಬರುವ ಜೀವವೂ ಬರುವುದಿಲ್ಲ.

"ಬಂದದ್ದು ಕೋಳಿ ತಾನೇ?" ಎಂದಳು.

"ಇವತ್ತು ಕೋಳಿ ಬಂತು. ಹೀಗೇ ಬಿಟ್ಟರೆ ನಾಳೆ ಮನುಷ್ಯರೇ ಬಂದಾರು!"

"ಬಂದಾರು" ಎಂದಳು ದ್ಯಾವಮ್ಮ.

ಮೂರು ದಿನದಲ್ಲಿ ಗೋಡೆ ಎದ್ದಿತು. ನಾಲ್ಕನೆಯ ದಿನ ಗಂಡನ ತಟ್ಟೆಯಲ್ಲಿ ಮುದ್ದೆ, ಉಪ್ಪು, ಒಂದು ಈರುಳ್ಳಿ.

"ಸಾರೆಲ್ಲಿ?"

"ಒರಳಿದೆ. ಗುಂಡು ಆ ಮನೆಯಲ್ಲಿದೆ."

"ಯಾವಾಗಿನಿಂದ?"

"ನಿಮ್ಮ ತಾತ ಪಾಲು ತೆಗೆದುಕೊಂಡ ದಿನದಿಂದ."

ಅವನು ತಿಂದ ಸಾರಿನ ಲೆಕ್ಕ ಹಾಕತೊಡಗಿದ. ಅಷ್ಟರಲ್ಲಿ ಗೋಡೆಯಾಚೆಯಿಂದ ದಾಯಾದಿಯ ಗುಡುಗು ಕೇಳಿಸಿತು: "ಸಾರೆಲ್ಲಿ?"

ಸೋಲಬಾರದೆಂದು ಅವನು ಕಲ್ಲುಕುಟಿಗನಿಂದ ಹೊಸ ಗುಂಡು ತಂದ. ಆಚೆಯವನು ಹೊಸ ಒರಳು ತಂದ. ಮುದ್ದೆಯನ್ನು ಅಗಿಯುವವರಿಲ್ಲ, ನುಂಗುವವರೇ. ಹಾಗಾಗಿ ಎರಡು ದಿನ ಏನೂ ತಿಳಿಯಲಿಲ್ಲ. ಮೂರನೆಯ ದಿನ ರೊಟ್ಟಿ, ಚಟ್ನಿ. ಬಾಯಲ್ಲಿ ಕರಕ್ ಎಂದಿತು.

"ಏನೇ ಇದು, ಮರಳು?"

"ಹೊಸ ಕಲ್ಲು. ಪಳಗಬೇಕು."

"ಎಷ್ಟು ದಿನ?"

"ಹಳೆಯದಕ್ಕೆ ಮೂರು ತಲೆಮಾರು ಹಿಡಿಯಿತು."

ಹಟಗಾರ. ಇನ್ನೂ ಐದು ದಿನ ಮರಳು ತಿಂದ. ಐದನೆಯ ದಿನ ದವಡೆಹಲ್ಲು ಮುರಿಯಿತು. ಮರುಬೆಳಗ್ಗೆ ಹಾರೆ ಹಿಡಿದು ಹಿತ್ತಿಲಿಗೆ ನಡೆದ. "ಗಾಳಿಯೇ ಆಡುತ್ತಿಲ್ಲ" ಎಂದು ಹೆಂಡತಿಗೆ ಕೇಳುವಂತೆ ಹೇಳಿ, ಗೋಡೆಗೆ ಹಾರೆ ಹಾಕಿದ. ಆಚೆಯಿಂದಲೂ ದುಬ್ ಎಂದಿತು. ಅವನು ಒಂದು ಹಾಕಿದರೆ ಅಲ್ಲೊಂದು. ನಡುವಿನ ಮಣ್ಣು ಕುಸಿಯಿತು. ಗಂಡಿಯಲ್ಲಿ ಎರಡು ಮುಖ ಎದುರಾದವು. ಈ ಮುಖದ ಎಡಗೆನ್ನೆ ಊದಿತ್ತು, ಆ ಮುಖದ ಬಲಗೆನ್ನೆ ಊದಿತ್ತು.

ಇಬ್ಬರೂ ಮಾತಾಡಲಿಲ್ಲ. ಹಗೆ ಹಗೆಯೇ. ಮೊಣಕಾಲೆತ್ತರ ಬಿಟ್ಟು ಉಳಿದದ್ದನ್ನೆಲ್ಲ ಕೆಡವಿ, ಹಾರೆ ಹೆಗಲಿಗೇರಿಸಿಕೊಂಡು ತಂತಮ್ಮ ಹೊಲಕ್ಕೆ ಹೋದರು. ಆ ಮನೆಗೂ ನಮಗೂ ಏನೂ ಇಲ್ಲ ಎಂದು ಈಗಲೂ ಇಬ್ಬರೂ ಊರಲ್ಲಿ ಹೇಳಿಕೊಳ್ಳುತ್ತಾರೆ.

ಅವರು ಮರೆಯಾದ ಮೇಲೆ ಓರಗಿತ್ತಿ ಗುಂಡು ಹೊತ್ತು ದಾಟಿ ಬಂದಳು.

"ಅಕ್ಕಾ, ಇಷ್ಟು ದಿನ ಇಟ್ಟುಕೊಂಡು ಹೊಟ್ಟೆಯಲ್ಲಿ ಮಾತೆಲ್ಲ ಹುಳಿ ಬಂದಿದೆ."

"ಮೊದಲು ಕೂತ್ಕೋ" ಎಂದಳು ದ್ಯಾವಮ್ಮ. ಅವಳ ಕಣ್ಣು ತುಂಬಿತ್ತು. ಕೇಳಿದ್ದರೆ ಮೆಣಸಿನಕಾಯಿ ಖಾರ ಎನ್ನುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನಕ್ಕು ಮುಗಿಸಿ, ಪಟ್ಟಿಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿದ.

"ಆ ಐವರು ಅಳತೆಯಲ್ಲಿ ತಪ್ಪಿರಲಿಲ್ಲ, ಗುರುಗಳೇ. ನಾನೂ ತಪ್ಪಿಲ್ಲ."

ಗುರುಗಳು ಕೇಳಿದರು: "ನಮ್ಮ ಮಠದ ಅಡುಗೆಮನೆಯಲ್ಲಿ ಒರಳು ಯಾವ ಮೂಲೆಯಲ್ಲಿದೆ?"

ಶಿಷ್ಯ ಉತ್ತರವನ್ನು ಪಟ್ಟಿಯಲ್ಲಿ ಹುಡುಕತೊಡಗಿದ.