ಹೊಳೆಯಾಚೆಗೆ ಕಳಿಸಿದ ಬದನೆ ಬೀಜ

“ಅಜ್ಜಾರ, ತಾಳೆಗರಿ ಫೋಟೊ ಎಲ್ಲಾ ಹೊಳಿ ಆಚಿ ಮಠಕ್ಕ ಹೋಗಿ ಮುಟ್ಯಾವ್ರಿ. ಇನ್ನ ಇಲ್ಲಿದ್ದವನ್ನ ಅಳಿಸಿಬಿಡ್ಲೇನ್ರಿ?”

ಮಠದ ಗುರುಗಳನ್ನು ಹೀಗೆ ಕೇಳಿದಾಗ ಶಿಷ್ಯ ರೇವಣಸಿದ್ಧನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹಿಗ್ಗಲು ಕಾರಣವೂ ಇತ್ತು. ಮಠದ ಹಳೆಯ ತಾಳೆಗರಿಗಳನ್ನು ಒಂದೊಂದಾಗಿ ಬಿಡಿಸಿ ಫೋಟೊ ತೆಗೆಯಲು ಅವನಿಗೆ ವರ್ಷವೇ ಹಿಡಿದಿತ್ತು. ಕೆಲವು ಗರಿಗಳು ಫೋಟೊ ತೆಗೆದ ಮೇಲೆ ಕೈಯಲ್ಲೇ ಪುಡಿಯಾದವು. ಅವುಗಳಲ್ಲಿದ್ದ ವಚನ, ವೈದ್ಯ, ಲೆಕ್ಕ ಎಲ್ಲವೂ ಈಗ ಉಳಿದಿರುವುದು ಆ ಫೋಟೊಗಳಲ್ಲಿ ಮಾತ್ರ. ಒಂದೇ ಕಡೆ ಇದ್ದರೆ ಅಪಾಯ ಎಂದು ಅವನು ಯಾರ ನೆರವೂ ಇಲ್ಲದೆ ಕಲಿತು ಒಂದು ಸ್ಕ್ರಿಪ್ಟ್ ಬರೆದ. ಸ್ಕ್ರಿಪ್ಟ್ ಎಂದರೆ ಕಂಪ್ಯೂಟರಿಗೆ ಬರೆದುಕೊಡುವ ಅಪ್ಪಣೆಯ ಚೀಟಿ, ಅಷ್ಟೆ. ಅವನದು ಬರೀ ಐದು ಸಾಲಿನದು. ದಿನಾ ಸಂಜೆ ಅದು ತಾನಾಗಿ ಶುರುವಾಗಿ, ಒಂದಷ್ಟು ಫೋಟೊಗಳನ್ನು ಹೊಳೆಯಾಚೆಯ ಶಾಖಾಮಠದ ಕಂಪ್ಯೂಟರಿಗೆ ನಕಲು ಮಾಡಿ, ಪರದೆಯ ಮೇಲೆ ‘ಎಲ್ಲವೂ ತಲುಪಿತು’ ಎಂದು ತೋರಿಸುತ್ತಿತ್ತು. ಮೊದಲ ದಿನ ಆ ಮಾತು ಮೂಡಿದಾಗ ಅವನು ದಾಸೋಹದ ಮನೆಗೆ ಓಡಿಹೋಗಿ ಅಡುಗೆಯವರನ್ನೆಲ್ಲ ಎಳೆದು ತಂದು ತೋರಿಸಿದ್ದ. ಅವರಿಗೆ ಏನೂ ಅರ್ಥವಾಗಲಿಲ್ಲ. ಆದರೂ “ಭಾಳ ಚಲೋ ಆತು” ಎಂದು ಹೇಳಿ ರೊಟ್ಟಿ ಬಡಿಯಲು ಹೋದರು.

ಈಗ ಇಲ್ಲಿನ ಕಂಪ್ಯೂಟರ್ ತುಂಬಿಹೋಗಿತ್ತು. ನಾಳೆ ಇನ್ನೊಂದು ಊರಿನಿಂದ ನಲವತ್ತು ಕಟ್ಟು ಗರಿ ಬರುವುದಿತ್ತು. ಅವುಗಳಿಗೆ ಜಾಗ ಬೇಕು. ಅಪ್ಪಣೆಯೊಂದು ಸಿಕ್ಕರೆ ಸಾಕೆಂದು ರೇವಣಸಿದ್ಧ ಕಂಪ್ಯೂಟರಿನ ಮುಂದೆ ಬೆರಳು ಎತ್ತಿಕೊಂಡೇ ಕುಳಿತಿದ್ದ.

“ನೂರಾ ಹನ್ನೆರಡು ದಿನ ಆತ್ರಿ ಅಜ್ಜಾರ. ಒಂದ ದಿನಾನೂ ತಪ್ಪಿಲ್ರಿ!” ಎಂದ.

“ಆಗಲಿ. ಅಳಿಸೂದು ಎಲ್ಲಿಗೆ ಓಡಿಹೋಗ್ತೈತಿ? ಒಂದು ಕತಿ ಕೇಳು” ಎಂದು ಗುರುಗಳು ಹೇಳತೊಡಗಿದರು.

ಒಬ್ಬ ರೈತನಿದ್ದ. ಅವನ ಹಿತ್ತಲಿನಲ್ಲಿ ಒಂದು ಬಗೆಯ ಬದನೆ ಬೆಳೆಯುತ್ತಿತ್ತು. ಸುತ್ತಲ ಹತ್ತೂರಿನಲ್ಲಿ ಆ ಬದನೆ ಬೇರೆ ಯಾರ ಹತ್ತಿರವೂ ಇರಲಿಲ್ಲ. ಒಮ್ಮೆ ಎಣಗಾಯಿ ಮಾಡಿ ತಿಂದವರು ಆ ಮನೆಗೆ ನೆಪ ಹುಡುಕಿಕೊಂಡು ಬರುತ್ತಿದ್ದರು. ಇಂಥ ತಳಿ ಕೈತಪ್ಪಿ ಹೋಗಬಾರದೆಂದು ರೈತ ಹಣ್ಣಾದ ಕಾಯಿಯಿಂದ ದಿನಾ ಬೀಜ ತೆಗೆದು, ಬೂದಿ ಹಚ್ಚಿ ಒಣಗಿಸಿ, ಎರಡು ಪಾಲು ಮಾಡುತ್ತಿದ್ದ. ಒಂದು ಪಾಲು ಮನೆಯ ಮಡಕೆಗೆ. ಇನ್ನೊಂದು ಹೊಳೆಯಾಚೆ ಇರುವ ಅಕ್ಕನ ಮನೆಗೆ.

ಅವನ ಮನೆಯಲ್ಲಿ ಒಬ್ಬ ಆಳಿದ್ದ. ಬಹಳ ನಿಯತ್ತಿನವನು. ಹೇಳಿದ ಕೆಲಸಕ್ಕೆ ಏನನ್ನೂ ಕೂಡಿಸುತ್ತಿರಲಿಲ್ಲ, ಏನನ್ನೂ ಬಿಡುತ್ತಿರಲಿಲ್ಲ. ರೈತ ಅವನನ್ನು ಕರೆದು, “ದಿನಾ ಒಂದು ಗಂಟು ಒಯ್ದು ಅಕ್ಕನ ಮನೀ ಕಟ್ಟಿ ಮ್ಯಾಲೆ ಇಡು. ತಿರುಗಿ ಬಂದು, ಎಲ್ಲಾ ಮುಟ್ಟಿತು ಧಣ್ಯಾರ ಅಂತ ನನಗ ಹೇಳು” ಎಂದ.

ಆಳು ದಿನಾ ಹೋದ, ದಿನಾ ಬಂದ, ದಿನಾ ಹಾಗೆಯೇ ಹೇಳಿದ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ರೈತನಿಗೆ ಹಾಲು ಕುಡಿದಷ್ಟು ಸಂತೋಷ. ಸುಗ್ಗಿ ಬಂತು. ಹೊಸ ಹೆಸರುಕಾಳು ತುಂಬಿಡಲು ಮಡಕೆ ಸಾಲಲಿಲ್ಲ. ಬೀಜವೆಲ್ಲ ಅಕ್ಕನ ಮನೆಯಲ್ಲಿರುವಾಗ ಇಲ್ಲೂ ಯಾಕೆ ಎಂದುಕೊಂಡ ರೈತ ಮನೆಯ ಪಾಲನ್ನು ತನ್ನ ಕೈಯಾರೆ ಎತ್ತಿ ದನದ ಕಲಗಚ್ಚಿಗೆ ಸುರಿದ.

ಬಿತ್ತನೆಯ ಹೊತ್ತಿಗೆ ಊರವರೆಲ್ಲ ಬೀಜ ಕೇಳಿಕೊಂಡು ಬಂದರು. ರೈತ ಉಬ್ಬಿಹೋದ. “ಬರ್ರಿ, ಎಲ್ಲಾರೂ ಬರ್ರಿ! ಬೇಡ ಅನ್ನೋ ತನಕಾ ಕೊಡ್ತೇನಿ!” ಎಂದು ಬುಟ್ಟಿ ಹಿಡಿದವರನ್ನೆಲ್ಲ ಹರಿಗೋಲಿಗೆ ಹತ್ತಿಸಿಕೊಂಡು ಹೊಳೆ ದಾಟಿದ. ದಂಡೆ ಮುಟ್ಟುವ ಮೊದಲೇ ನೀರಿಗೆ ಹಾರಿ ಅಕ್ಕನ ಮನೆಗೆ ಓಡಿದ.

ಮನೆಗೆ ಬೀಗ ಬಿದ್ದಿತ್ತು. ಅಕ್ಕ ಮಗಳ ಬಾಣಂತನಕ್ಕೆಂದು ಹೋಗಿ ಐದು ತಿಂಗಳಾಗಿತ್ತು. ಕಟ್ಟೆಯ ಮೇಲೆ ಹರಿದ ಬಟ್ಟೆಯ ಚೂರುಗಳು ರಾಶಿ ಬಿದ್ದಿದ್ದವು. ಕಟ್ಟೆಯ ಸುತ್ತ ಆ ಓಣಿಯ ಕೋಳಿಗಳೆಲ್ಲ ನೆರೆದಿದ್ದವು, ಒಂದೊಂದೂ ಕುಂಬಳಕಾಯಿಯಷ್ಟು ಕೊಬ್ಬಿದ್ದವು. ಜೊತೆಗೆ ಬಂದಿದ್ದ ಆಳನ್ನು ಕಂಡು ಅವು ಸಂತೋಷದಿಂದ ಎದುರಿಗೆ ಓಡಿಬಂದವು.

ರೈತ ಒಂದು ಬಟ್ಟೆಯ ಚೂರನ್ನು ಎತ್ತಿ ಕೊಡವಿದ, ಒಂದು ಬೀಜವೂ ಬೀಳಲಿಲ್ಲ. ಊರವರು ಖಾಲಿ ಬುಟ್ಟಿ ಹಿಡಿದು ನಿಂತಿದ್ದರು. ಅವನು ಆಳಿನ ಕಡೆ ತಿರುಗಿದ.

“ಎಲ್ಲಾ ಮುಟ್ಟಿತು ಅಂತ ದಿನಾ ಹೇಳಿದೆಲ್ಲೋ!”

“ಹೌದ್ರಿ ಧಣ್ಯಾರ. ಬಂದು ಹಂಗ ಹೇಳು ಅಂದಿದ್ರಿ, ಹೇಳಿದೆ. ಬಾಗಿಲಾ ತಗದೈತೋ ಇಲ್ಲೋ ನೋಡು ಅಂತ ನೀವು ಅಂದಿದ್ದಿಲ್ರಿ.”

ಗುರುಗಳು ಕತೆ ನಿಲ್ಲಿಸಿದರು. ರೇವಣಸಿದ್ಧನಿಗೆ ನಗು ತಡೆಯಲಾಗಲಿಲ್ಲ. ಕೋಳಿಗಳನ್ನು ನೆನೆದು ಹೊಟ್ಟೆ ಹಿಡಿದುಕೊಂಡು ನಕ್ಕ. “ಎಂಥಾ ಆಳು ಸಿಕ್ಕಿದ್ನಪ್ಪಾ ಆ ರೈತಗ!” ಎಂದ. ನಗುತ್ತಲೇ ಕಂಪ್ಯೂಟರಿನ ಕಡೆ ತಿರುಗಿ, “ನಾನೂ ಒಂದು ಕೆಲಸದಾಳನ್ನ ಇಟ್ಟೇನ್ರಿ, ಆದ್ರ ಇದು ಸುಳ್ಳು ಹೇಳೂದಿಲ್ರಿ. ಅಳಿಸ್ಲೇನ್ರಿ?” ಎಂದು ಮತ್ತೆ ಬೆರಳು ಎತ್ತಿದ.

ಗುರುಗಳು ಅವನ ಮುಖವನ್ನೇ ನೋಡಿದರು.

“ತಮ್ಮಾ, ‘ಎಲ್ಲವೂ ತಲುಪಿತು’ ಅನ್ನೋ ಮಾತನ್ನ ಅದಕ್ಕ ಹೇಳಿಕೊಟ್ಟವರು ಯಾರು?”

ರೇವಣಸಿದ್ಧ ಎತ್ತಿದ ಬೆರಳನ್ನು ಇಳಿಸಿ ತನ್ನ ಐದು ಸಾಲಿನ ಚೀಟಿಯನ್ನು ತೆರೆದ; ತಲುಪಿತೋ ಇಲ್ಲವೋ ನೋಡು ಎಂಬ ಸಾಲು ಅದರಲ್ಲಿ ಎಲ್ಲೂ ಇರಲಿಲ್ಲ.