ಒಂಬತ್ತರ ಹೊರಗೆ ಕುಳಿತವಳು

“ಗುರುಗಳೇ, ಒಂದು ಮಗುವೂ ತಪ್ಪು ಮಾಡದ ಪಾಠದಲ್ಲಿ ತಿದ್ದುವುದಕ್ಕೆ ಇನ್ನೇನು ಉಳಿದಿರುತ್ತದೆ?”

ನೀಲಾಂಬಿಕೆ ಹೀಗೆ ಕೇಳಿದಾಗ ಅವಳ ದನಿಯಲ್ಲಿ ವಿನಯವಿತ್ತು. ವಿನಯದ ಅಡಿಯಲ್ಲಿ ತುಸು ಬೇಸರವೂ ಇತ್ತು. ಅವಳು ಒಂದನೆಯ ತರಗತಿಯ ಶಿಕ್ಷಕಿ. ಎರಡು ವರ್ಷ ಕುಳಿತು ಗಣಿತದ ಅಭ್ಯಾಸ ಹಾಳೆಗಳನ್ನು ಸಿದ್ಧಪಡಿಸಿದ್ದಳು; ಒಟ್ಟು ನೂರಿಪ್ಪತ್ತು ಹಾಳೆ. ಅವನ್ನು ಅಚ್ಚು ಹಾಕಿಸಿ ಜಿಲ್ಲೆಯ ಎಲ್ಲ ಶಾಲೆಗಳಿಗೂ ಹಂಚುವುದೆಂದು ತೀರ್ಮಾನವಾಗಿತ್ತು. ಪರಿಶೀಲಿಸಿ ಸಹಿ ಹಾಕಬೇಕಾದವರು ಗೋದಾವರಿಬಾಯಿ. ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ ಮೂವತ್ತೈದು ವರ್ಷ ದುಡಿದು, ಗಣಿತವನ್ನು ಕಲಿಸುವ ಬಗೆಯನ್ನು ಕಲಿಸಿ ನಿವೃತ್ತರಾದವರು, ನೀಲಾಂಬಿಕೆಗೂ ಕಲಿಸಿದವರು. ಹಾಳೆಗಳು ಅವರ ಮೇಜಿನ ಮೇಲೆ ಬಂದು ಎಂಟು ದಿನವಾಗಿತ್ತು. ಸಹಿ ಬಿದ್ದಿರಲಿಲ್ಲ. ಮುದ್ರಣಾಲಯದವರು ಮರುದಿನ ಬೆಳಗಿನವರೆಗೆ ಮಾತ್ರ ಕಾಯುವುದಾಗಿ ಹೇಳಿದ್ದರು. ಅದು ತಪ್ಪಿದರೆ ಈ ವರ್ಷ ಹಾಳೆಗಳು ಮಕ್ಕಳ ಕೈ ಸೇರುವುದಿಲ್ಲ.

ಗೋದಾವರಿಬಾಯಿ ಮೇಲಿನ ಹಾಳೆಯನ್ನು ಎತ್ತಿಕೊಂಡರು. ಚುಕ್ಕೆಗಳು ಮುತ್ತು ಪೋಣಿಸಿದಂತಿದ್ದವು.

“ಇವನ್ನು ನೀನು ಬರೆದೆಯೋ?”

“ಕಂಪ್ಯೂಟರಿನಲ್ಲಿ ಮಾಡಿದ್ದು, ಗುರುಗಳೇ. ಇದಕ್ಕೆಂದೇ ಫಾಂಟುಗಳಿವೆ. ಕೀಲಿ ಒತ್ತಿದರೆ ಅಕ್ಷರದ ಬದಲು ಚಿತ್ರ ಬರುತ್ತದೆ. ಒಂದು ಕೀಲಿಗೆ ಗಡಿಯಾರ, ಒಂದು ಕೀಲಿಗೆ ಮಣಿಸರ. ಇನ್ನೊಂದರಲ್ಲಿ ಅಂಕಿಯೇ ಚುಕ್ಕೆಚುಕ್ಕೆಯಾಗಿ ಬರುತ್ತದೆ. ಮಗು ಅದರ ಮೇಲೆ ಪೆನ್ಸಿಲ್ ಓಡಿಸಿದರಾಯಿತು. ನಾಲ್ಕು ಶಾಲೆಗಳಲ್ಲಿ ಮಾಡಿಸಿ ನೋಡಿದ್ದೇನೆ. ಎಲ್ಲಿಯೂ ಒಂದು ತಪ್ಪಿಲ್ಲ.”

“ತಪ್ಪಿಲ್ಲದಿರುವುದನ್ನು ನಾನೂ ನೋಡಿದೆ” ಎಂದರು ಗೋದಾವರಿಬಾಯಿ. “ಕುಳಿತುಕೋ, ತಂಗಿ.”

ನೀಲಾಂಬಿಕೆ ಕುಳಿತಳು. ಗುರುಗಳು ಕುಳಿತುಕೋ ಎಂದರೆ ಕತೆ ಬರುತ್ತದೆ ಎಂಬುದು ಅವರಲ್ಲಿ ಕಲಿತವರಿಗೆಲ್ಲ ಗೊತ್ತಿತ್ತು. ಅವಳು ಒಮ್ಮೆ ಕೈಗಡಿಯಾರ ನೋಡಿಕೊಂಡಳು. ಗೋದಾವರಿಬಾಯಿ ಅದನ್ನು ಕಂಡರೂ ಕಾಣದವರಂತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಶಿಕ್ಷಕಿ ಇದ್ದಳು. ಅವಳ ತರಗತಿಯಲ್ಲಿ ಹನ್ನೊಂದು ಮಕ್ಕಳಿದ್ದರು. ಅವರಿಗೆ ಎಣಿಕೆ ಕಲಿಸಲು ಅವಳು ಹಾಳೆಯ ಮೇಲೆ ಕೈಯಿಂದಲೇ ಚುಕ್ಕೆ ಹಾಕುತ್ತಿದ್ದಳು. ಕೈಯಿಂದ ಹಾಕಿದ ಚುಕ್ಕೆ ಒಂದರಂತೆ ಇನ್ನೊಂದು ಬರುವುದಿಲ್ಲ. ಒಂದು ದಪ್ಪವಾಗುತ್ತದೆ, ಒಂದು ಸಣ್ಣದಾಗುತ್ತದೆ, ಒಂದು ಸಾಲು ಬಿಟ್ಟು ಅಂಚಿಗೆ ಓಡುತ್ತದೆ. ಆದ್ದರಿಂದ ಮಕ್ಕಳು ಒಂದೊಂದರ ಮೇಲೂ ಬೆರಳಿಟ್ಟು ಎಣಿಸುತ್ತಿದ್ದರು. ಶಿಕ್ಷಕಿಯೂ ಒಮ್ಮೊಮ್ಮೆ ತಪ್ಪುತ್ತಿದ್ದಳು. ಏಳೆಂದು ಹೊರಟು ಎಂಟು ಹಾಕಿಬಿಡುತ್ತಿದ್ದಳು. ಆಗ ತರಗತಿಗೆ ತರಗತಿಯೇ ಎದ್ದು ನಿಲ್ಲುತ್ತಿತ್ತು.

“ಅಕ್ಕೋರ, ಇಲ್ಲಿ ಎಂಟ್ ಅದಾವ್ರಿ! ನಿಮಗ ಎಣಸಾಕ ಬರೂದಿಲ್ಲೇನ್ರಿ?”

ಅವಳು ಓದಿದ ಹೆಣ್ಣು. ಪರೀಕ್ಷೆಗಳಲ್ಲಿ ಮೊದಲಿಗಳಾಗಿ ಬಂದವಳು. ಆರು ವರ್ಷದ ಮಕ್ಕಳ ಎದುರು ತಪ್ಪಿ ನಿಲ್ಲುವುದು ಅವಳಿಗೆ ಸಹಿಸಲಾಗದ ಮಾತಾಗಿತ್ತು.

ಹೀಗಿರುವಾಗ ಅವಳಿಗೆ ಒಂದು ಫಾಂಟ್ ಸಿಕ್ಕಿತು. ಒಂದರ ಕೀಲಿ ಒತ್ತಿದರೆ ಒಂದು ಚುಕ್ಕೆ. ಐದರ ಕೀಲಿ ಒತ್ತಿದರೆ ಐದು ಚುಕ್ಕೆ, ಮೂಲೆಗೊಂದರಂತೆ ನಾಲ್ಕು, ನಡುವೆ ಒಂದು. ಒಂಬತ್ತರ ಕೀಲಿಗೆ ಮೂರು ಮೂರರ ಮೂರು ಸಾಲು. ಎಷ್ಟು ಸಲ ಒತ್ತಿದರೂ ಅದೇ ಗಾತ್ರ, ಅದೇ ಜಾಗ. ಕೈ ತಪ್ಪುವ ಪ್ರಶ್ನೆಯೇ ಇರಲಿಲ್ಲ. ಅವಳು ಬೇಸಿಗೆ ರಜೆಯಲ್ಲಿ ಎಲ್ಲ ಹಾಳೆಗಳನ್ನೂ ಹೊಸದಾಗಿ ಮಾಡಿದಳು. ಹಳೆಯವನ್ನು ಕಟ್ಟಿ ಅಟ್ಟದ ಮೇಲೆ ಹಾಕಿದಳು.

ಶಾಲೆ ಶುರುವಾದ ಮೊದಲ ತಿಂಗಳು ಮಕ್ಕಳು ಹೊಸ ಹಾಳೆಯ ಮೇಲೂ ಬೆರಳಿಟ್ಟರು. ಎರಡನೆಯ ತಿಂಗಳು ಬೆರಳು ಕಾಗದಕ್ಕೆ ತಾಗದೆ ಗಾಳಿಯಲ್ಲಿ ಆಡಿತು. ಮೂರನೆಯ ತಿಂಗಳ ಹೊತ್ತಿಗೆ ಬೆರಳೇ ಇರಲಿಲ್ಲ. ಹಾಳೆ ತೋರಿಸುವುದೇ ತಡ, ಉತ್ತರ ಬರುತ್ತಿತ್ತು. ಗದ್ದಲ ನಿಂತಿತು. ಅಕ್ಕೋರು ತಪ್ಪಿದರು ಎಂದು ಯಾರೂ ಎದ್ದು ನಿಲ್ಲಲಿಲ್ಲ. ತನ್ನ ಮಕ್ಕಳು ಬೆರಳಿನ ಹಂಗು ದಾಟಿದರು ಎಂದು ಅವಳು ಬೇರೆ ಶಿಕ್ಷಕರೊಂದಿಗೆ ಹೇಳಿಕೊಂಡಳು.

ಇಲ್ಲಿ ನೀಲಾಂಬಿಕೆ ಕುರ್ಚಿಯಲ್ಲಿ ಸ್ವಲ್ಪ ಸರಿದು ಕುಳಿತಳು. ನಾಲ್ಕು ಶಾಲೆಗಳ ಬಗ್ಗೆ ತಾನು ಬರೆದುಕೊಟ್ಟಿದ್ದ ವರದಿಯಲ್ಲಿ ಇಂಥದೇ ಒಂದು ವಾಕ್ಯವಿತ್ತು. ಅದು ಎಷ್ಟನೆಯ ಪುಟದಲ್ಲಿತ್ತು ಎಂಬುದೂ ಅವಳಿಗೆ ನೆನಪಿತ್ತು. ಗೋದಾವರಿಬಾಯಿ ಕತೆಯನ್ನು ನಿಲ್ಲಿಸಲಿಲ್ಲ.

ಒಂದು ದಿನ ತಾಲ್ಲೂಕಿನ ಅಧಿಕಾರಿ ಶಾಲೆಗೆ ಬಂದ. ಶಿಕ್ಷಕಿ ಹಾಳೆಗಳನ್ನು ಒಂದೊಂದಾಗಿ ಎತ್ತಿ ಹಿಡಿದಳು. ಅಧಿಕಾರಿ ಪ್ರಶ್ನೆ ಕೇಳಿ ಮುಗಿಸುವ ಮುನ್ನವೇ ಮಕ್ಕಳು ಉತ್ತರ ಹೇಳಿದರು. ಎಲ್ಲರಿಗಿಂತ ಮೊದಲು ಹೇಳಿದವಳು ಮುಂದಿನ ಸಾಲಿನ ಒಬ್ಬ ಹುಡುಗಿ. ಅಧಿಕಾರಿಗೆ ಬಹಳ ಸಂತೋಷವಾಯಿತು. ಈ ಹಾಳೆಗಳನ್ನು ತಾಲ್ಲೂಕಿನ ಎಲ್ಲ ಶಾಲೆಗಳಿಗೂ ಕೊಡಿಸುವುದಾಗಿ ಅವನು ಅಲ್ಲಿಯೇ ಮಾತು ಕೊಟ್ಟ. ಅವಳು ಬದುಕಿನಲ್ಲಿ ಬಯಸಿದ್ದು ಆ ಒಂದು ಮಾತನ್ನೇ.

ಅಷ್ಟರಲ್ಲಿ ಬಿಸಿಯೂಟದ ಗಂಟೆ ಹೊಡೆಯಿತು. ಅಂದು ಮೊಟ್ಟೆ ಕೊಡುವ ದಿನ. ಮಕ್ಕಳು ಜಗಲಿಯ ಮೇಲೆ ಉದ್ದಕ್ಕೆ ಒಂದೇ ಸಾಲಾಗಿ ತಟ್ಟೆ ಇಟ್ಟುಕೊಂಡು ಕುಳಿತರು. ಅಡುಗೆಯವಳು ಮುಂದಿನ ಸಾಲಿನ ಆ ಜಾಣ ಹುಡುಗಿಯನ್ನು ಕರೆದಳು.

“ಎಷ್ಟ್ ಮಂದಿ ಕುಂತಾರ ನೋಡಿ ಬಾರವ್ವಾ. ಅಷ್ಟ್ ತತ್ತಿ ಎಣಿಸಿ ಕೊಡತೀನಿ, ನೀನ ಹಂಚಿ ಬಾ. ಆಮ್ಯಾಲ ನಿಂದ ನೀ ಇಸಗೊಳ್ಳುವಂತಿ.”

ಹುಡುಗಿ ಹೋದಳು. ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. ಮತ್ತೆ ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ತಿರುಗಿ ಬಂದಳು.

“ಹೇಳಾಕ ಬರವಲ್ದರಿ. ಅವರು ಹಾಳ್ಯಾಗಿನ ಹಂಗ ಕುಂತಿಲ್ರಿ.”

ಅಧಿಕಾರಿ ನಕ್ಕುಬಿಟ್ಟ. ಶಿಕ್ಷಕಿಯ ಮುಖ ಕೆಂಪೇರಿತು.

ನೀಲಾಂಬಿಕೆ ತಡೆಯದೆ ಹೇಳಿದಳು: “ಒಬ್ಬೊಬ್ಬರನ್ನೇ ಮುಟ್ಟಿ ಎಣಿಸು ಎಂದು ಶಿಕ್ಷಕಿ ಹೇಳಿರಬೇಕು.”

“ಇಲ್ಲ, ಅವಳು ಮಕ್ಕಳನ್ನು ಎಬ್ಬಿಸಿದಳು” ಎಂದರು ಗೋದಾವರಿಬಾಯಿ.

ಎಬ್ಬಿಸಿ, ಮೂರು ಮೂರರಂತೆ ಮೂರು ಸಾಲು ಮಾಡಿ ಕೂರಿಸಿದಳು. ಹಾಳೆಯಲ್ಲಿ ಒಂಬತ್ತು ಹೇಗಿರುತ್ತದೆಯೋ ಹಾಗೆ. ಎರಡು ತಟ್ಟೆಗಳ ನಡುವಿನ ಅಂತರವನ್ನೂ ಬಾಗಿ ಸರಿಮಾಡಿದಳು. ಹುಡುಗಿ ಒಮ್ಮೆ ಕಣ್ಣೆತ್ತಿ ನೋಡಿ “ಒಂಬತ್ತು!” ಎಂದು ಕೂಗಿದಳು. ಅಧಿಕಾರಿ ಚಪ್ಪಾಳೆ ತಟ್ಟಿದ. ಹಾಗೆ ಕೂರಿಸಬೇಕಾದರೆ ಒಂಬತ್ತು ಮಂದಿ ಇದ್ದಾರೆಂದು ಯಾರಾದರೂ ಮೊದಲೇ ಎಣಿಸಿರಬೇಕಷ್ಟೆ. ಎಣಿಸಿದವಳು ಶಿಕ್ಷಕಿ. ಅದು ಅಧಿಕಾರಿಗೆ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಅಡುಗೆಯವಳು ಸೌಟು ಹಿಡಿದು ಎಲ್ಲವನ್ನೂ ನೋಡುತ್ತ ನಿಂತಿದ್ದಳು.

“ಇನ್ನೂ ಹತ್ತಾರು ಸಲ ಎಬ್ಬಿಸಿ ಕುಂಡ್ರಸ್ರಿ ಅಕ್ಕೋರ. ಸಾರು ಆರಿದ್ರ ನನ್ನ ಬೈಬ್ಯಾಡ್ರಿ” ಎಂದು ಹೇಳಿ, ಒಂಬತ್ತು ಮೊಟ್ಟೆಗಳನ್ನು ಬೋಗುಣಿಗೆ ಹಾಕಿ ಹುಡುಗಿಯ ಕೈಗೆ ಕೊಟ್ಟಳು.

ಆ ಹೊತ್ತಿಗೆ ಕೈ ತೊಳೆಯಲು ಹೋಗಿದ್ದ ಒಂದು ಮಗು ಬಂದಿತು. ತರಗತಿಯಲ್ಲಿ ಎಲ್ಲರಿಗಿಂತ ಸಣ್ಣವಳು ಅವಳು. ಮೂರು ಸಾಲುಗಳೂ ತುಂಬಿದ್ದವು. ಅವಳು ಮೂರನೆಯ ಸಾಲಿನ ಹಿಂದೆ, ಕಂಬಕ್ಕೆ ಒರಗಿ, ತಟ್ಟೆ ಇಟ್ಟುಕೊಂಡು ಕುಳಿತಳು. ಹುಡುಗಿ ಮೊಟ್ಟೆಗಳನ್ನು ಹಂಚುತ್ತ ಬಂದಳು. ಒಂಬತ್ತು ತಟ್ಟೆಗೆ ಒಂಬತ್ತು ಮೊಟ್ಟೆ ಬಿದ್ದವು. ಬೋಗುಣಿ ಬರಿದಾಯಿತು. ಹತ್ತನೆಯ ತಟ್ಟೆ ಹಾಗೆಯೇ ಇತ್ತು. ಸಣ್ಣವಳು ಅಳಲಿಲ್ಲ. ತನ್ನ ತಟ್ಟೆ ನೋಡಿಕೊಂಡಳು. ಮುಂದೆ ಕುಳಿತವರು ಮೊಟ್ಟೆ ಸುಲಿಯುವುದನ್ನು ನೋಡಿದಳು.

“ಇಕಿಗೆಲ್ಲೇ?” ಎಂದು ಕೇಳಿದಳು ಅಡುಗೆಯವಳು.

“ಒಂಬತ್ತು ತುಂಬೇತ್ರಿ” ಎಂದಳು ಹುಡುಗಿ. “ಇಕಿ ಹೊರಗ ಅದಾಳ್ರಿ.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ತಾತ್ಸಾರವಿರಲಿಲ್ಲ. ಹಾಳೆ ಎತ್ತಿ ಹಿಡಿದಾಗ ಉತ್ತರ ಹೇಳುವ ದನಿಯಲ್ಲಿಯೇ ಹೇಳಿದ್ದಳು. ಅಡುಗೆಯವಳು ಒಳಗೆ ಹೋಗಿ ಇನ್ನೊಂದು ಮೊಟ್ಟೆ ತಂದು ಸಣ್ಣವಳ ತಟ್ಟೆಯಲ್ಲಿಟ್ಟಳು. ಬಳಿಕ ಶಿಕ್ಷಕಿಯ ಕಡೆಗೆ ತಿರುಗಿದಳು.

“ನಾ ಸಾಲಿ ಕಲ್ತಾಕಿ ಅಲ್ರಿ, ಅಕ್ಕೋರ. ನಾ ತಾಟ್ ನೋಡಿ ನೀಡತೀನಿ.”

ಅಧಿಕಾರಿಯ ಕಿವಿಗೆ ಇದು ಬೀಳಲಿಲ್ಲ. ಅವನು ಒಳಗೆ ಕುಳಿತು ಸಂದರ್ಶಕರ ಪುಸ್ತಕದಲ್ಲಿ ಮೆಚ್ಚುಗೆ ಬರೆಯುತ್ತಿದ್ದ.

ಶಾಲೆ ಬಿಟ್ಟ ಮೇಲೆ ಶಿಕ್ಷಕಿ ಕಂಪ್ಯೂಟರಿನ ಮುಂದೆ ಕುಳಿತಳು. ಹೊಸ ಹಾಳೆ ತೆರೆದಳು. ಐದರ ಕೀಲಿಯ ಮೇಲೆ ಬೆರಳಿಟ್ಟಳು, ಒತ್ತಲಿಲ್ಲ. ಬೆರಳು ತೆಗೆದು ಒಂದರ ಕೀಲಿಯನ್ನು ಒತ್ತಿದಳು. ಒಂದು ಚುಕ್ಕೆ ಬಂದಿತು. ಸ್ವಲ್ಪ ಜಾಗ ಬಿಟ್ಟು ಮತ್ತೆ ಒತ್ತಿದಳು. ಕೆಳಗಿನ ಸಾಲಿಗೆ ಇಳಿದು ಮತ್ತೊಂದು. ಅಂಚಿಗೆ ಒಂದು. ಅದರ ಪಕ್ಕಕ್ಕೇ ಒಂದು. ಐದಕ್ಕೆ ಐದು ಸಲ ಒತ್ತಬೇಕಾಯಿತು, ಒಂಬತ್ತಕ್ಕೆ ಒಂಬತ್ತು ಸಲ. ಒತ್ತುವಾಗ ಅವಳ ತುಟಿ ಆಡುತ್ತಿತ್ತು. ಕೀಲಿ ಒತ್ತುತ್ತ ಅವಳು ಎಣಿಸಿದ್ದು ಅಂದೇ ಮೊದಲು. ಹಾಳೆ ಮುಗಿಯುವ ಹೊತ್ತಿಗೆ ಒಂದು ಕಡೆ ಲೆಕ್ಕ ತಪ್ಪಿ, ಏಳು ಇರಬೇಕಾದಲ್ಲಿ ಎಂಟು ಚುಕ್ಕೆ ಬಿದ್ದವು.

ಮರುದಿನ ಹಾಳೆ ನೋಡಿ ಮಕ್ಕಳು ಕಕ್ಕಾಬಿಕ್ಕಿಯಾದರು. ಆ ಜಾಣ ಹುಡುಗಿ ಆರು ಇದ್ದಲ್ಲಿ ಐದು ಎಂದು ಬರೆದಳು, ಅಳಿಸಿದಳು, ಕಣ್ಣೊರೆಸಿಕೊಂಡಳು. ಆಮೇಲೆ ಮೆಲ್ಲಗೆ ಅವಳ ಬೆರಳು ಕಾಗದದ ಮೇಲೆ ಇಳಿಯಿತು. ಒಂದು ಚುಕ್ಕೆಯ ಮೇಲೆ ನಿಂತಿತು, ಮುಂದಿನದಕ್ಕೆ ಹೋಯಿತು. ಏಳಿರಬೇಕಾದಲ್ಲಿ ಎಂಟು ಬಿದ್ದಿದ್ದ ಜಾಗಕ್ಕೆ ಬಂದಾಗ ಅವಳೇ ಮೊದಲು ಎದ್ದು ನಿಂತಳು. ಹಿಂದೆಯೇ ತರಗತಿ ಎದ್ದಿತು.

“ಅಕ್ಕೋರ, ತಪ್ಪೀರಿ!”

ಶಿಕ್ಷಕಿ ಆ ಹಾಳೆಯನ್ನು ತಿದ್ದಲಿಲ್ಲ. ತಾಲ್ಲೂಕಿಗೆ ಕಳಿಸಬೇಕಾಗಿದ್ದ ಕಟ್ಟಿನಲ್ಲಿ ಹಿಂದಿನವನ್ನು ತೆಗೆದು ಇಂಥ ಹಾಳೆಗಳನ್ನೇ ಇಟ್ಟಳು. ಮೊದಲಿನ ಅಚ್ಚುಕಟ್ಟು ಇಲ್ಲ, ಮಕ್ಕಳ ಉತ್ತರಗಳಲ್ಲಿಯೂ ತಪ್ಪು ಬಹಳ ಎಂದು ಅಧಿಕಾರಿ ಕಟ್ಟನ್ನು ಹಿಂದಿರುಗಿಸಿದ. ಮೊದಲು ತೋರಿಸಿದ ಹಾಳೆಗಳನ್ನೇ ಕೊಡಿ, ಮಾತು ಕೊಟ್ಟಂತೆ ಹಂಚಿಸುತ್ತೇನೆ ಎಂದು ಹೇಳಿ ಕಳಿಸಿದ. ಅವಳು ಕೊಡಲಿಲ್ಲ. ಬೇರೆ ಶಾಲೆಗಳು ಅವಳ ಹೆಸರನ್ನು ಕೇಳಲೇ ಇಲ್ಲ.

ಗೋದಾವರಿಬಾಯಿ ಮಾತು ನಿಲ್ಲಿಸಿ ಕನ್ನಡಕ ಒರೆಸಿಕೊಂಡರು.

ನೀಲಾಂಬಿಕೆ ಮೇಜಿನ ಮೇಲಿನ ಕಟ್ಟನ್ನು ನೋಡುತ್ತಿದ್ದಳು. ಎರಡು ವರ್ಷದ ಭಾನುವಾರಗಳು ಅದರಲ್ಲಿದ್ದವು. ನಾಲ್ಕು ಶಾಲೆಗಳ ಮಕ್ಕಳು ಅವಳ ಕಣ್ಣ ಮುಂದೆ ಬಂದರು. ಪೆನ್ಸಿಲ್ ಹಿಡಿದ ಕೈಗಳು ನೆನಪಾದವು. ಚುಕ್ಕೆಯ ಮೇಲೆ ಇಟ್ಟ ಒಂದು ಬೆರಳಾದರೂ ನೆನಪಾಗಲೆಂದು ಅವಳು ಕಾದಳು.

“ಹಾಗಾದರೆ ಫಾಂಟ್ ಬಳಸಿದ್ದೇ ತಪ್ಪೆನ್ನುತ್ತೀರಾ, ಗುರುಗಳೇ?”

“ಒಂದರ ಕೀಲಿಯೂ ಆ ಫಾಂಟಿನಲ್ಲಿಯೇ ಇತ್ತಲ್ಲ, ತಂಗಿ.”

ನೀಲಾಂಬಿಕೆ ಹಟದ ಹೆಣ್ಣು. ಕಟ್ಟನ್ನು ಗುರುಗಳ ಕಡೆಗೆ ಸರಿಸಿ, ಅದರ ಮೇಲೆ ಪೆನ್ನು ಇಟ್ಟಳು.

“ಮುದ್ರಣಾಲಯದವರು ಬೆಳಿಗ್ಗೆಯೇ ಬರುತ್ತಾರೆ. ನಾನು ಅವರಿಗೆ ಏನು ಹೇಳಲಿ?”

ಗೋದಾವರಿಬಾಯಿ ಪೆನ್ನಿನ ಮುಚ್ಚಳ ತೆಗೆದರು. ಸಹಿಯ ಜಾಗವನ್ನು ಹುಡುಕಿ ಅಲ್ಲಿ ಕೈ ಊರಿದರು.

“ಈಗಲೇ ಸಹಿ ಹಾಕುತ್ತೇನೆ, ಮಗುವಿಗೆ ತಪ್ಪುವುದಕ್ಕೆ ಜಾಗವಿರುವ ಒಂದು ಹಾಳೆಯನ್ನು ಇದರಲ್ಲಿ ತೋರಿಸು.”

ನೀಲಾಂಬಿಕೆ ಮೊದಲ ಹಾಳೆಯಿಂದ ತಿರುವತೊಡಗಿದಳು. ನೂರಿಪ್ಪತ್ತೂ ಮುಗಿದವು. ಅವಳು ತಲೆ ಎತ್ತಲಿಲ್ಲ.