ಕಾಲ ನಿಲ್ಲಿಸುವ ಗುಂಡಿ

“ಅಜ್ಜಾರ, ನಾ ಇಲ್ಲದಾಗ ಇಲ್ಲಿ ಏನರೆ ಹೆಚ್ಚುಕಡಿಮಿ ಆದರ ಯಾರು ನೋಡ್ತಾರ್ರಿ?” ಎಂದು ನಿಜಗುಣ ಕೇಳಿದ.

ಅಜ್ಜಾರು ಎಂದರೆ ಆ ಮಠದ ಹಿರಿಯ ಗುರುಗಳು. ನಿಜಗುಣ ಅವರ ಶಿಷ್ಯ. ಮಠಕ್ಕೆ ಸೇರಿದ ಪ್ರಸಾದ ನಿಲಯದಲ್ಲಿ ದೂರದ ಊರುಗಳ ಕಾಲೇಜು ವಿದ್ಯಾರ್ಥಿಗಳು ಉಂಡು, ಮಲಗಿ, ಓದಿಕೊಂಡಿದ್ದರು. ಅದರ ಉಸ್ತುವಾರಿ ಪೂರ್ತಿ ಅವನದೇ.

ಅವನ ಚೀಲ ಅಜ್ಜಾರ ಮುಂದೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಬೆಳಿಗ್ಗೆಯಿಂದ ಅದನ್ನು ಕಟ್ಟುವುದು, ಬಿಚ್ಚುವುದು, ಇದೇ ಕೆಲಸವಾಗಿತ್ತು. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದು ಅವನ ಅಕ್ಕ. ಆ ಅಕ್ಕನಿಗೆ ಮರುದಿನ ಹುಬ್ಬಳ್ಳಿಯಲ್ಲಿ ಹೃದಯದ ಶಸ್ತ್ರಚಿಕಿತ್ಸೆ. ‘ಒಳಗ ಹೋಗೂ ಮುಂಚೆ ನಿನ್ನ ಮುಖ ಒಂದು ಕಂಡರ ಸಾಕು’ ಎಂದು ಫೋನಿನಲ್ಲಿ ಹೇಳಿದ್ದಳು. ಸಂಜೆಯ ಬಸ್ಸು ತಪ್ಪಿದರೆ ಆ ಮುಖ ತೋರಿಸುವುದು ಆಗದ ಮಾತು.

ಹೋಗಬೇಕೆಂದು ಮನಸ್ಸು ಎಳೆಯುತ್ತಿತ್ತು. ಕಾಲು ಏಳುತ್ತಿರಲಿಲ್ಲ. ಅಡುಗೆಗೆ ಒಬ್ಬ, ನೀರಿಗೆ ಒಬ್ಬ, ಜಗಳ ಬಿಡಿಸಲು ಒಬ್ಬ ಎಂದು ಹಿರಿಯ ವಿದ್ಯಾರ್ಥಿಗಳನ್ನು ಅವನೇ ಆರಿಸಿದ್ದ, ಅವನೇ ತಿದ್ದಿದ್ದ. ಆದರೂ ನಂಬಿಕೆ ಸಾಲದು. ಹೋದ ತಿಂಗಳು ಬಚ್ಚಲ ಮುಂದೆ ಇಬ್ಬರು ಒಂದು ಬಕೀಟಿಗಾಗಿ ಕಿತ್ತಾಡಿದರು. ಜಗಳ ಬಿಡಿಸಬೇಕಾದ ಮಲ್ಲೇಶಿ ಎದ್ದು ಆ ಕಡೆ ಹೊರಟೂ ಇದ್ದ. ನಿಜಗುಣ ಅವನನ್ನು ದಾಟಿ ಓಡಿದ. ಇಬ್ಬರನ್ನೂ ಮನೆಗೆ ಕಳಿಸಿದ, ಸಾಲಿನಲ್ಲಿ ನಿಂತವರಿಗೆಲ್ಲ ಆ ದಿನದ ಆಟ ಬಂದ್ ಮಾಡಿದ. ಜಗಳವೇನೋ ನಿಂತಿತು. ಒಂದು ವಾರ ನಿಲಯದಲ್ಲಿ ಯಾರೂ ನಗಲಿಲ್ಲ.

ಅಜ್ಜಾರಿಗೆ ಇದೆಲ್ಲ ಗೊತ್ತಿತ್ತು. ಅವರು ಕಾಲು ಮಡಿಸಿ ಕುಳಿತು, “ಬಸ್ಸಿಗೆ ಇನ್ನೂ ಹೊತ್ತೈತಿ. ಒಂದು ಕತಿ ಕೇಳು. ಇದು ಕಂಪ್ಯೂಟರಿನ ಕತಿ. ನಗಬ್ಯಾಡ, ನನಗ ಇದನ್ನ ಹೇಳಿದಾತ ನಮ್ಮ ಭಕ್ತನ” ಎಂದು ಶುರುಮಾಡಿದರು.

ಒಬ್ಬ ಎಂಜಿನಿಯರ್ ಇದ್ದ. ನಿವೃತ್ತನಾದ ಮೇಲೆ ಅವನಿಗೆ ಒಂದು ಆಟ ಸಿಕ್ಕಿತು. ಊರು ಕಟ್ಟುವ ಹಳೆಯ ಆಟ. ತೆರೆಯ ಮೇಲೆ ಬರಿಯ ನೆಲ, ಅದರ ನಡುವೆ ಒಂದು ನದಿ. ಆಡುವವನು ರಸ್ತೆ ಎಳೆಯಬೇಕು, ವಿದ್ಯುತ್ತು ಕೊಡಬೇಕು, ಮನೆಗಳಿಗಿಷ್ಟು, ಅಂಗಡಿಗಳಿಗಿಷ್ಟು ಎಂದು ಜಾಗ ಗುರುತು ಹಾಕಬೇಕು. ಮನೆಗಳನ್ನು ಅವನು ಕಟ್ಟುವಂತಿಲ್ಲ. ಜನ ತಾವಾಗಿ ಬರುತ್ತಾರೆ, ತಾವಾಗಿ ಕಟ್ಟಿಕೊಳ್ಳುತ್ತಾರೆ. ಕಾಲ ಓಡುತ್ತಿದ್ದರೆ ಊರು ಬೆಳೆಯುತ್ತದೆ. ಒಂದು ಗುಂಡಿ ಒತ್ತಿದರೆ ಕಾಲ ನಿಲ್ಲುತ್ತದೆ.

ಎಂಜಿನಿಯರನಿಗೆ ಆ ಗುಂಡಿಯ ಮೇಲೆ ಬಲು ಪ್ರೀತಿ ಹುಟ್ಟಿತು. ನೌಕರಿಯ ಉದ್ದಕ್ಕೂ ಕಾಲ ಅವನ ಮಾತು ಕೇಳಿರಲಿಲ್ಲ. ಇಲ್ಲಿ ಕೇಳುತ್ತಿತ್ತು.

ಆ ಊರಿನಲ್ಲಿ ಆಗಾಗ ಬೆಂಕಿ ಬೀಳುತ್ತಿತ್ತು. ಅದು ಆಟದ ನಿಯಮ. ಅದಕ್ಕೆಂದು ಅವನು ಅಗ್ನಿಶಾಮಕ ಠಾಣೆಗಳನ್ನು ಕಟ್ಟಿದ. ಗಾಳಿ ಯಾವ ಕಡೆಯದು, ಕಾರ್ಖಾನೆ ಯಾವ ಕಡೆಯದು ಎಂದು ಲೆಕ್ಕ ಹಾಕಿ, ಒಂದೊಂದನ್ನೂ ಅಳೆದು ತೂಗಿ ಇಟ್ಟ. ಆದರೆ ಎಲ್ಲಿಯಾದರೂ ಮೊದಲ ಕಿಡಿ ಕಂಡರೆ ಸಾಕು, ಗುಂಡಿ ಒತ್ತುತ್ತಿದ್ದ. ಕಾಲ ನಿಂತುಬಿಡುತ್ತಿತ್ತು. ಆಮೇಲೆ ಬುಲ್ಡೋಜರ್ ಹಿಡಿದು ಕಿಡಿಯ ಸುತ್ತಲಿನ ಮನೆಗಳನ್ನು ಕೆಡವುತ್ತಿದ್ದ, ಬೆಂಕಿ ಹಬ್ಬಲು ಏನೂ ಉಳಿಯದ ಹಾಗೆ. ಕಾಲ ಮತ್ತೆ ಬಿಟ್ಟರೆ ಬೆಂಕಿ ಅಲ್ಲೇ ಸಾಯುತ್ತಿತ್ತು. ‘ಊರು ಉಳೀತು’ ಎಂದು ಅವನು ಕುರ್ಚಿಗೆ ಒರಗುತ್ತಿದ್ದ.

ಊರು ಉಳಿಯುತ್ತಿತ್ತು, ನಿಜ. ಬೆಳೆಯುತ್ತಿರಲಿಲ್ಲ. ಜನ ಬರುವುದು, ಇವನು ಕೆಡವುವುದು. ಅವನಿಗೆ ನಿಜವಾಗಿ ಸಂಕಟವಾಯಿತು. ಬೆಳಗಿನ ವಾಯುವಿಹಾರದಲ್ಲಿ ಸಿಕ್ಕ ಸಿಕ್ಕ ಗೆಳೆಯರಿಗೆಲ್ಲ ಅದೇ ವಿವರಣೆ: ನದಿಯ ತಿರುವು ಸರಿಯಿಲ್ಲ, ರಸ್ತೆಯ ಅಗಲ ಸಾಲದು, ಕಾರ್ಖಾನೆಯ ಹೊಗೆ ಜಾಸ್ತಿ. ಗೆಳೆಯರು ಬೇರೆ ದಾರಿ ಹಿಡಿದು ನಡೆಯತೊಡಗಿದರು. ಅವನು ಕಾರ್ಖಾನೆಗಳನ್ನು ಸರಿಸಿದ, ರಸ್ತೆ ಬದಲಿಸಿದ, ಇನ್ನಷ್ಟು ಠಾಣೆ ಕಟ್ಟಿದ. ಹೆಂಡತಿ ಒಮ್ಮೆ ಬಗ್ಗಿ ನೋಡಿ, “ಅಲ್ರಿ, ನಿಮ್ಮೂರಾಗ ಮನಿಗಿಂತ ಬೆಂಕಿ ಆರಿಸೂ ಠಾಣೇನ ಹೆಚ್ಚಾದ್ವಲ್ಲ? ಅವು ಕೆಲಸ ಮಾಡೂದು ನೀವರೆ ಯಾವಾಗ ನೋಡೀರಿ?” ಎಂದಳು.

“ನಿನಗ ಇದು ತಿಳಿಯಂಗಿಲ್ಲ” ಎಂದ ಎಂಜಿನಿಯರ್.

ಒಂದು ದಿನ ಗಂಡ ಹೆಂಡತಿ ಇಬ್ಬರೂ ಹೆಂಡತಿಯ ತಮ್ಮನ ಮಗಳ ಮದುವೆಯ ನಿಶ್ಚಯಕ್ಕೆ ಹೊರಟರು. ಆಟ ಅರ್ಧಕ್ಕಿತ್ತು. ಹೆಂಡತಿ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು. ಎಂಜಿನಿಯರ್ ಅವಸರದಲ್ಲಿ ಗುಂಡಿ ಒತ್ತಿದ. ಕಾಲ ನಿಂತಿತು. ಆದರೆ ಅವನದೊಂದು ಪದ್ಧತಿ ಇತ್ತು. ಬೀಗ ಹಾಕಿದರೆ ಇನ್ನೊಮ್ಮೆ ಜಗ್ಗಬೇಕು. ಗ್ಯಾಸ್ ಬಂದ್ ಮಾಡಿದರೆ ಇನ್ನೊಮ್ಮೆ ತಿರುವಬೇಕು. ನಲ್ಲಿಯನ್ನೂ ಬಿಡುತ್ತಿರಲಿಲ್ಲ. ಹಾಗೆಯೇ ಗಟ್ಟಿಯಾಗಲಿ ಎಂದು ಗುಂಡಿಯನ್ನು ಇನ್ನೊಮ್ಮೆ ಒತ್ತಿ, ತೆರೆಯ ಕಡೆ ನೋಡದೆ ಚಪ್ಪಲಿ ಮೆಟ್ಟಿಕೊಂಡ.

ಎರಡನೆಯ ಸಲ ಒತ್ತಿದರೆ ನಿಂತ ಕಾಲ ಹೊರಡುತ್ತದೆ.

ನಿಶ್ಚಯದ ಮನೆಯಲ್ಲಿ ಅವನು ನಿಶ್ಚಿಂತನಾಗಿ ಉಂಡ. ಹೋಳಿಗೆ ಇನ್ನೊಂದು ಹಾಕಿಸಿಕೊಂಡ. ಬೀಗರಿಗೆ ನಗರ ಯೋಜನೆಯ ಬಗ್ಗೆ ಉಪನ್ಯಾಸ ಕೊಟ್ಟ. ಇಳಿಹೊತ್ತಿಗೆ ಮನೆಗೆ ಬಂದು ಬೀಗ ತೆಗೆದರೆ, ಒಳಗಿನ ಕೋಣೆಯಿಂದ ಆಟದ ಸದ್ದು.

“ಸುಟ್ಟು ಹೋತು, ಎಲ್ಲಾ ಸುಟ್ಟು ಹೋತು” ಎನ್ನುತ್ತ ಓಡಿದ. ಹೆಂಡತಿ ಅಡುಗೆಮನೆಗೆ ಓಡಿದಳು. ಅಲ್ಲಿ ಏನೂ ಸುಟ್ಟಿಲ್ಲದ್ದು ಕಂಡು ಅವನ ಹಿಂದೆ ಬಂದಳು.

ತೆರೆಯ ಮೇಲೆ ಎಷ್ಟೋ ವರ್ಷ ಕಳೆದಿತ್ತು. ಊರು ನದಿಯ ತನಕ ಬಂದು ನಿಂತಿತ್ತು. ಅವನು ಯಾವತ್ತೋ ಗುರುತು ಹಾಕಿ ಮರೆತಿದ್ದ ಆಚೆ ದಂಡೆಯಲ್ಲೂ ಮನೆಗಳು ಎದ್ದಿದ್ದವು. ಅಂಗಡಿ ಸಾಲಿನಲ್ಲಿ ಜಾಗವೇ ಉಳಿದಿರಲಿಲ್ಲ. ಅವನು ನಂಬಲಿಲ್ಲ. ಸುಟ್ಟ ಕಲೆ ಹುಡುಕಿದ. ಒಂದು ಓಣಿಯ ಕೊನೆಯಲ್ಲಿ ಸ್ವಲ್ಪ ಕರಿ ನೆಲ ಕಂಡಿತು. ಅದರ ಪಕ್ಕದಲ್ಲಿ ಹೊಸ ಮನೆ ಆಗಲೇ ಮೇಲೇಳುತ್ತಿತ್ತು.

“ಇದು ಯಾರ ಊರ್ರಿ?” ಎಂದಳು ಹೆಂಡತಿ.

“ನಮ್ಮದ” ಎಂದ. ದನಿ ಸಣ್ಣದಾಗಿತ್ತು.

ಅಷ್ಟರಲ್ಲಿ ಕಾರ್ಖಾನೆಯ ಬದಿಯಲ್ಲಿ ಹೊಗೆ ಎದ್ದಿತು. ಅವನ ಬೆರಳು ಗುಂಡಿಗೆ ಹಾರಿತು. ಹೆಂಡತಿ ಅವನ ಮುಂಗೈ ಹಿಡಿದುಕೊಂಡಳು. “ಒಮ್ಮೆರೆ ನೋಡ್ರಿ, ನನ್ನಾಣೆ.”

ಅವನು ನೋಡಿದ. ನೋಡುವುದು ಸುಲಭವಾಗಿರಲಿಲ್ಲ. ಒಂದು ಮನೆ ಉರಿಯಿತು. ಪಕ್ಕದ್ದಕ್ಕೂ ಹತ್ತಿತು. ಆ ಬೀದಿಯ ತಲೆಯಲ್ಲಿ ಅವನು ಅಳೆದು ತೂಗಿ ಇಟ್ಟ ಠಾಣೆ ಇತ್ತು. ಬೆಂಕಿ ಅದರ ಸರಹದ್ದಿಗೆ ಬಂತು, ಸಣ್ಣದಾಯಿತು, ಆರಿತು. ಊರು ತನ್ನ ಪಾಡಿಗೆ ತಾನು ಓಡುತ್ತಲೇ ಇತ್ತು.

ಎಂಜಿನಿಯರ್ ಗುಂಡಿಯ ಕಡೆ ಚಾಚಿದ್ದ ಬೆರಳನ್ನು ಹಿಂದಕ್ಕೆ ತೆಗೆದ. ಆಮೇಲೆ ನಗತೊಡಗಿದ. ಬಿದ್ದು ಬಿದ್ದು ನಕ್ಕ. “ಇಷ್ಟು ದಿನಾ ಬೆಂಕಿಗಿಂತ ಹೆಚ್ಚು ಮನಿ ನಾನ ಕೆಡವೀನಲ್ಲೇ!” ಎಂದ. ಹೆಂಡತಿ ಚಹಾ ಇಟ್ಟಳು. ಅವತ್ತು ಅವನು ಆಟ ಓಡುತ್ತಿದ್ದ ಹಾಗೆಯೇ ಬಿಟ್ಟು, ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದ.

ಕತೆ ಅಲ್ಲಿಗೆ ನಿಂತಿತು. ನಿಜಗುಣ ಚೀಲದ ದಾರವನ್ನು ಬೆರಳಿಗೆ ಸುತ್ತುತ್ತಿದ್ದ. ಕತೆ ಅವನಿಗೆ ಹಿಡಿಸಿತ್ತು, ಆದರೆ ತನಗೆ ಹೊಂದುತ್ತದೆ ಎನ್ನಿಸಲಿಲ್ಲ.

“ಆ ಊರಾಗ ಠಾಣೆ ಇದ್ದವ್ರಿ, ಅಜ್ಜಾರ. ಇಲ್ಲಿ ನನ್ನ ಬಿಟ್ಟರ ಯಾರದಾರ?”

ಅಜ್ಜಾರು ಉತ್ತರ ಕೊಡುವ ಮೊದಲೇ ಊಟದ ಮನೆಯ ಕಡೆಯಿಂದ ತಾಟು ನೆಲಕ್ಕೆ ಬಡಿದ ಸದ್ದು ಬಂತು. ಅದರ ಹಿಂದೆಯೇ ಎರಡು ಏರುದನಿ. ನಿಜಗುಣ ಚಂಗನೆ ಎದ್ದ. ಅಜ್ಜಾರು ಅವನ ಶಲ್ಯದ ತುದಿ ಹಿಡಿದರು. ಬಿಡಲಿಲ್ಲ.

“ಏ, ಸಾಕು ಮಾಡ್ರಲೇ!” ಒಳಗೆ ಮಲ್ಲೇಶಿಯ ದನಿ ಕೇಳಿತು. “ಕುಂದ್ರ್ರಿ ಮೊದಲ. ನೀ ಈ ಕಡೆ, ಅವ ಆ ಕಡೆ, ನಡುವ ನಾನು. ತಾಟು ಎತ್ತವ ಯಾರು? ಇಬ್ಬರೂ ಎತ್ರಿ.” ತಾಟು ಎತ್ತಿದ ಸದ್ದಾಯಿತು. ಆಮೇಲೆ ಯಾರೋ ಒಬ್ಬ ಕಿಸಕ್ಕನೆ ನಕ್ಕ. ಇನ್ನೊಬ್ಬ ಸಾರು ಕೇಳಿದ.

ಅಜ್ಜಾರು ಶಲ್ಯ ಬಿಟ್ಟರು.

“ಆ ಠಾಣೆ ಕಟ್ಟಿದವ ಆ ಎಂಜಿನಿಯರನ ಅಲ್ಲೇನಪಾ?”

ನಿಜಗುಣ ಬಗ್ಗಿ ಚೀಲದ ಬಾಯಿ ಕಟ್ಟಿದ, ಒಂದೇ ಸಲ.